ಕಸದಿಂದ ರಸ: ಜೀನೋಮಿನ ಬಗೆಗಿನ ಒಂದು ಗೊಂದಲ

ಜೀವವಿಜ್ಞಾನದ ಹೊಸ ಶೋಧಗಳನ್ನು ಸಾಮಾನ್ಯ ಓದುಗರಿಗೆ ತಲುಪಿಸುವ ಬರಹಗಳಲ್ಲಿ ಒಂದು ಮಾತು ಮರಳಿ ಮರಳಿ ಬರುತ್ತದೆ: ವಿಜ್ಞಾನಿಗಳು ಕಸವೆಂದು ತಳ್ಳಿಹಾಕಿದ್ದ ಡಿಎನ್‌ಎ ಈಗ ರಸವೆಂದು ಸಾಬೀತಾಗಿದೆ. ಮನುಷ್ಯನ ಜೀನೋಮ್, ಅಂದರೆ ಒಂದು ಜೀವಕೋಶದಲ್ಲಿರುವ ಆನುವಂಶಿಕ ಬರಹದ ಪೂರ್ಣಪಾಠ, ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದವಾಗಿದೆ. ಅದರಲ್ಲಿ ಪ್ರೋಟೀನುಗಳನ್ನು ಕಟ್ಟುವ ಸೂಚನೆಯಿರುವ ವಂಶವಾಹಿಗಳು ಸುಮಾರು 20,000, ಮತ್ತು ಆ ಸೂಚನೆಗಳು ಆಕ್ರಮಿಸುವ ಜಾಗ ಶೇಕಡಾ 2ಕ್ಕಿಂತಲೂ ಕಡಿಮೆ. ಉಳಿದ ಶೇಕಡಾ 98ರ ಪಾಡೇನು ಎಂಬ ಪ್ರಶ್ನೆಗೆ ಜನಪ್ರಿಯ ಉತ್ತರ ಮೂರು ಹೇಳಿಕೆಗಳನ್ನು ಒಂದಾಗಿ ಹೆಣೆದುಕೊಂಡಿದೆ.

1. ಪ್ರೋಟೀನಿಗೆ ಸಂಬಂಧವಿಲ್ಲದ ಡಿಎನ್‌ಎ ಎಲ್ಲವನ್ನೂ ಹಿಂದಿನ ವಿಜ್ಞಾನಿಗಳು ತಮ್ಮ ಅಜ್ಞಾನದಿಂದ ಕಸವೆಂದು ಕರೆದರು.

2. ಆ ಭಾಗದಲ್ಲಿ ಈಗ ಒಂದೊಂದಾಗಿ ಉಪಯುಕ್ತ ತುಣುಕುಗಳು ಸಿಗುತ್ತಿವೆ. ಆದ್ದರಿಂದ ಉಳಿದದ್ದರ ಉಪಯೋಗವೂ ಇಂದಲ್ಲ ನಾಳೆ ತಿಳಿಯುತ್ತದೆ.

3. ಪ್ರಕೃತಿಯಲ್ಲಿ ವ್ಯರ್ಥವಾದದ್ದು ಯಾವುದೂ ಇಲ್ಲ. ನಿಜಕ್ಕೂ ನಿರುಪಯೋಗಿಯಾಗಿದ್ದರೆ ಕೋಟ್ಯಂತರ ವರ್ಷಗಳ ವಿಕಾಸ ಅದನ್ನು ಎಂದೋ ತೊಡೆದುಹಾಕುತ್ತಿತ್ತು.

ಈ ನಿಲುವಿಗೆ ಆಧಾರಗಳೇ ಇಲ್ಲವೆಂದು ಹೇಳುವಂತಿಲ್ಲ. 2024ರ ನೊಬೆಲ್ ಪ್ರಶಸ್ತಿಯನ್ನು ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ ತಂದುಕೊಟ್ಟ ಮೈಕ್ರೋಆರ್‌ಎನ್‌ಎಗಳು ಇಂಥ ಪ್ರದೇಶದಿಂದಲೇ ಬಂದವು: 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ಪತ್ತೆಯಾದ ಮೊದಲನೆಯದು ಕೇವಲ 22 ಅಕ್ಷರಗಳದು, ಅದು ಯಾವ ಪ್ರೋಟೀನನ್ನೂ ಕಟ್ಟುವುದಿಲ್ಲ, ಆದರೆ ಬೇರೊಂದು ವಂಶವಾಹಿಯ ಸಂದೇಶವನ್ನು ಹತ್ತಿಕ್ಕಿ ಹುಳುವಿನ ಬೆಳವಣಿಗೆಯ ಹಂತಗಳನ್ನು ನಿಯಂತ್ರಿಸುತ್ತದೆ. ಕೈಕಾಲು ಬೆರಳುಗಳ ಸಂಖ್ಯೆಯನ್ನು ನಿರ್ಧರಿಸುವ ಒಂದು ನಿಯಂತ್ರಕ ತುಣುಕು ತಾನು ಆಳುವ ವಂಶವಾಹಿಯಿಂದ ಸುಮಾರು 10 ಲಕ್ಷ ಅಕ್ಷರಗಳಷ್ಟು ದೂರದಲ್ಲಿ ಕುಳಿತಿದೆ, ಮತ್ತು ಅದರ ಒಂದೇ ಅಕ್ಷರ ಬದಲಾದರೂ ಮಗು ಹೆಚ್ಚುವರಿ ಬೆರಳಿನೊಂದಿಗೆ ಹುಟ್ಟಬಹುದು. ಗರ್ಭಿಣಿಯ ಮಾಸು ರೂಪುಗೊಳ್ಳಲು ಬೇಕಾದ ಸಿನ್ಸಿಟಿನ್ ಎಂಬ ಪ್ರೋಟೀನು ಬಹಳ ಹಿಂದೆ ನಮ್ಮ ಪೂರ್ವಜರ ಜೀನೋಮಿನೊಳಗೆ ಸೇರಿಕೊಂಡ ವೈರಸ್ಸಿನ ಅವಶೇಷದಿಂದ ಬಂದದ್ದು. ಕುಡಗೋಲು ಕಣ ರಕ್ತಹೀನತೆಗೆ 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅನುಮತಿ ಪಡೆದ ಕ್ಯಾಸ್ಜೆವಿ ಚಿಕಿತ್ಸೆ ಕತ್ತರಿಸುವುದು ಯಾವ ಪ್ರೋಟೀನಿನ ಸೂಚನೆಯನ್ನೂ ಅಲ್ಲ, ಬಿಸಿಎಲ್11ಎ ಎಂಬ ವಂಶವಾಹಿಯ ನಡುವೆ ಇರುವ, ಪ್ರೋಟೀನಾಗಿ ಅನುವಾದಗೊಳ್ಳದ ಒಂದು ನಿಯಂತ್ರಕ ಭಾಗವನ್ನು. ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ ಈ ರೋಗದ ವಿರುದ್ಧ ರಾಷ್ಟ್ರೀಯ ಅಭಿಯಾನ ನಡೆಯುತ್ತಿರುವುದನ್ನು ನೆನೆದರೆ, ಪ್ರೋಟೀನೇತರ ಡಿಎನ್‌ಎಯ ಅಧ್ಯಯನ ಪ್ರಯೋಗಾಲಯದ ಕುತೂಹಲವಷ್ಟೇ ಅಲ್ಲವೆಂಬುದು ಸ್ಪಷ್ಟ. ಇಷ್ಟೆಲ್ಲ ನಿಜವಾಗಿದ್ದೂ ಮೇಲಿನ ಮೂರು ಹೇಳಿಕೆಗಳಲ್ಲಿ ಒಂದೂ ನಿಲ್ಲುವುದಿಲ್ಲ.

ಮೊದಲನೆಯದು ಇತಿಹಾಸದ ತಪ್ಪು, ಅದನ್ನು ತಿದ್ದಲು ಹೆಚ್ಚು ಶ್ರಮ ಬೇಕಿಲ್ಲ. ಪ್ರೋಟೀನು ಕಟ್ಟದ ಡಿಎನ್‌ಎಗೂ ಕೆಲಸವಿದೆಯೆಂಬುದು ‘ಕಸ ಡಿಎನ್‌ಎ’ ಎಂಬ ಮಾತು ಪ್ರಚಾರಕ್ಕೆ ಬರುವ ಮೊದಲೇ ಗೊತ್ತಿತ್ತು. ವಂಶವಾಹಿಗಳನ್ನು ತೆರೆಯುವ ಮುಚ್ಚುವ ನಿಯಂತ್ರಕ ತಾಣಗಳ ಪರಿಕಲ್ಪನೆಯನ್ನು ಫ್ರಾನ್ಸಿನ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲೇ ಮುಂದಿಟ್ಟಿದ್ದರು. ಪ್ರೋಟೀನು ಕಟ್ಟುವ ಕೋಶಯಂತ್ರವಾದ ರೈಬೋಸೋಮಿನ ಆರ್‌ಎನ್‌ಎಯನ್ನು ಬರೆಯುವ ವಂಶವಾಹಿಗಳೂ ಆಗ ಪರಿಚಿತವಾಗಿದ್ದವು. ತಳಿವಿಜ್ಞಾನಿ ಸುಸುಮು ಓಹ್ನೋ 1972ರಲ್ಲಿ ‘ಕಸ’ ಎಂಬ ಪದವನ್ನು ಬಳಸಿದ್ದು ಉಳಿದದ್ದರ ಕೆಲಸವೇನೆಂದು ತಿಳಿಯದ ಅಸಹಾಯಕತೆಯಿಂದಲ್ಲ, ಒಂದು ಲೆಕ್ಕಾಚಾರದಿಂದ. ಪ್ರತಿ ಪೀಳಿಗೆಯಲ್ಲಿ ಡಿಎನ್‌ಎ ನಕಲಾಗುವಾಗ ಅಕ್ಷರದೋಷಗಳು ನುಸುಳುತ್ತವೆ. ಇಡೀ ಜೀನೋಮ್ ಅರ್ಥವತ್ತಾಗಿದ್ದರೆ ಆ ದೋಷಗಳ ಭಾರದಲ್ಲೇ ಜೀವಿಜಾತಿ ಕುಸಿಯಬೇಕಿತ್ತು. ಆದ್ದರಿಂದ ಮನುಷ್ಯನಲ್ಲಿ ವಂಶವಾಹಿಗಳು ಸುಮಾರು 30,000ಕ್ಕಿಂತ ಹೆಚ್ಚಿರಲಾರವು, ಅವು ಬಳಸುವ ಜಾಗ ಹೆಚ್ಚೆಂದರೆ ಶೇಕಡಾ 6 ಎಂದು ಅವರು ತರ್ಕಿಸಿದರು. ಮಾನವ ಜೀನೋಮನ್ನು ಓದುವುದಕ್ಕೆ ಮೂರು ದಶಕಗಳ ಮೊದಲು, ಕೇವಲ ತರ್ಕದ ಬಲದಿಂದ ತಲುಪಿದ ಈ ಅಂದಾಜು ನಿಜಕ್ಕೆ ಎಷ್ಟು ಹತ್ತಿರವಿತ್ತೆಂಬುದು ಮುಂದೆ ಗೊತ್ತಾಗುತ್ತದೆ. ಅಜ್ಞಾನದ ಆರೋಪ ಹೊತ್ತ ಈ ಮನುಷ್ಯ ವಾಸ್ತವದಲ್ಲಿ ಮೆಚ್ಚುಗೆಗೆ ಅರ್ಹ.

ಎರಡನೆಯ ಹೇಳಿಕೆ ಕೆಲವನ್ನು ನೋಡಿ ಎಲ್ಲವನ್ನೂ ಊಹಿಸುತ್ತದೆ. ಇಲ್ಲಿ ಪ್ರಮಾಣದ ಅರಿವು ಮುಖ್ಯ. ಮನುಷ್ಯನ ಮೈಕ್ರೋಆರ್‌ಎನ್‌ಎಗಳ ಸಂಖ್ಯೆಯನ್ನು ಉದಾರವಾಗಿ 2,000 ಎಂದು ಹಿಡಿದು, ಪ್ರತಿಯೊಂದರ ಪಾಲಿಗೆ 100 ಅಕ್ಷರಗಳನ್ನು ಬಿಟ್ಟುಕೊಟ್ಟರೂ ಒಟ್ಟು 2 ಲಕ್ಷ ಅಕ್ಷರಗಳಾಗುತ್ತವೆ. 300 ಕೋಟಿಯಲ್ಲಿ ಅದು ಹದಿನೈದು ಸಾವಿರದಲ್ಲಿ ಒಂದು ಪಾಲು. ನೊಬೆಲ್ ಪ್ರಶಸ್ತಿಗೆ ಪಾತ್ರವಾದ ಒಂದು ಇಡೀ ವರ್ಗವೇ ಲೆಕ್ಕದ ಪಟ್ಟಿಯಲ್ಲಿ ಹೆಚ್ಚುಕಡಿಮೆ ಏನನ್ನೂ ಬದಲಿಸುವುದಿಲ್ಲ. ಇತ್ತ, ಜೀನೋಮಿನ ಅರ್ಧದಷ್ಟು ಭಾಗ ಯಾವುದರಿಂದ ತುಂಬಿದೆಯೆಂಬುದು ತಿಳಿಯದ ರಹಸ್ಯವೇನಲ್ಲ. ಅದು ತನ್ನ ನಕಲನ್ನು ತಾನೇ ಮಾಡಿಕೊಂಡು ಒಂದೆಡೆಯಿಂದ ಇನ್ನೊಂದೆಡೆಗೆ ಹಾರುವ ಡಿಎನ್‌ಎ ತುಣುಕುಗಳ ರಾಶಿ; ಬಾರ್ಬರಾ ಮೆಕ್ಲಿಂಟಾಕ್ ಇಂಥವನ್ನು ಮುಸುಕಿನಜೋಳದಲ್ಲಿ ಮೊದಲು ಗುರುತಿಸಿ 1983ರಲ್ಲಿ ನೊಬೆಲ್ ಪಡೆದರು. ಆಲು ಎಂಬ ಒಂದೇ ಬಗೆಯ ತುಣುಕಿನ ಪ್ರತಿಗಳು ಮನುಷ್ಯನಲ್ಲಿ 10 ಲಕ್ಷಕ್ಕೂ ಹೆಚ್ಚಿವೆ. ಹಳೆಯ ವೈರಸ್ಸುಗಳ ಪಳೆಯುಳಿಕೆಗಳು ಶೇಕಡಾ 8ರಷ್ಟಿವೆ. ಇವುಗಳಲ್ಲಿ ಬಹುಪಾಲು ಅಕ್ಷರದೋಷಗಳಿಂದ ಸವೆದು, ಹಾರುವ ಶಕ್ತಿಯನ್ನೂ ಕಳೆದುಕೊಂಡು ಬಿದ್ದಿವೆ. ವೈರಸ್ಸಿನ ಒಂದು ಅವಶೇಷ ಮಾಸಿನ ರಚನೆಗೆ ಒದಗಿಬಂತೆಂಬುದು ಸತ್ಯ. ಅದರಿಂದ ಉಳಿದ ಲಕ್ಷಾಂತರ ಅವಶೇಷಗಳಿಗೂ ಹೊಣೆಗಾರಿಕೆ ಇದೆಯೆಂದು ಹೇಳುವುದು, ಹಳೆಯ ಕೋಟೆಯ ಒಂದು ಕಲ್ಲು ಮನೆಯ ಹೊಸ್ತಿಲಾಯಿತೆಂಬ ಕಾರಣಕ್ಕೆ ಬಿದ್ದ ಕಲ್ಲುಗಳೆಲ್ಲವೂ ಹೊಸ್ತಿಲುಗಳೇ ಎಂದಂತೆ.

ಎರಡನೆಯ ಹೇಳಿಕೆಗೆ ದೊಡ್ಡ ಬಲ ಬಂದದ್ದು 2012ರ ಸೆಪ್ಟೆಂಬರಿನಲ್ಲಿ. ಎನ್‌ಕೋಡ್ ಎಂಬ ಅಂತರರಾಷ್ಟ್ರೀಯ ಯೋಜನೆಯ ನಾನೂರಕ್ಕೂ ಹೆಚ್ಚು ವಿಜ್ಞಾನಿಗಳು ಮಾನವ ಜೀನೋಮಿನ ಶೇಕಡಾ 80.4 ಭಾಗಕ್ಕೆ ‘ಜೀವರಾಸಾಯನಿಕ ಕಾರ್ಯ’ ಇದೆಯೆಂದು ಘೋಷಿಸಿದರು. ಆ ಯೋಜನೆ ಕಲೆಹಾಕಿದ ಮಾಹಿತಿಯ ಮೌಲ್ಯವನ್ನು ಯಾರೂ ಅಲ್ಲಗಳೆದಿಲ್ಲ. ಆಕ್ಷೇಪವಿದ್ದದ್ದು ‘ಕಾರ್ಯ’ ಎಂಬ ಪದದ ಬಗ್ಗೆ. ಒಂದು ಡಿಎನ್‌ಎ ತುಣುಕು ಯಾವುದಾದರೊಂದು ಬಗೆಯ ಜೀವಕೋಶದಲ್ಲಿ ಆರ್‌ಎನ್‌ಎಯಾಗಿ ನಕಲಾದರೆ, ಅಥವಾ ಅದಕ್ಕೆ ಒಂದು ಪ್ರೋಟೀನು ಅಂಟಿಕೊಂಡರೆ, ಅಷ್ಟರಿಂದಲೇ ಅದನ್ನು ಕಾರ್ಯಶೀಲವೆಂದು ಎಣಿಸಲಾಗಿತ್ತು. ಆದರೆ ಚಟುವಟಿಕೆ ಬೇರೆ, ಕಾರ್ಯ ಬೇರೆ. ಗಾಣ ತಿರುಗುವಾಗ ಎಣ್ಣೆಯೂ ಇಳಿಯುತ್ತದೆ, ಕಿರುಗುಟ್ಟುವ ಸದ್ದೂ ಕೇಳುತ್ತದೆ. ಎರಡೂ ಗಾಣದಿಂದಲೇ ಹುಟ್ಟಿದರೂ ಗಾಣವನ್ನು ಹೂಡಿದ್ದು ಎಣ್ಣೆಗಾಗಿ. ಜೀವಿಗಳ ವಿಷಯದಲ್ಲಿ ಹೂಡಿದವರು ಯಾರೂ ಇಲ್ಲವಾದ್ದರಿಂದ ಕಾರ್ಯವನ್ನು ಗುರುತಿಸುವ ಒರೆಗಲ್ಲು ನೈಸರ್ಗಿಕ ಆಯ್ಕೆ: ಆ ತುಣುಕು ಕೆಟ್ಟರೆ ಜೀವಿಯ ಬಾಳಿಗೆ ಅಥವಾ ಸಂತಾನಕ್ಕೆ ಹಾನಿಯಾಗುತ್ತದೆಯೇ, ಮತ್ತು ಅಂಥ ಹಾನಿಯ ಕಾರಣದಿಂದ ಕೆಟ್ಟ ಪ್ರತಿಗಳು ಪೀಳಿಗೆಯಿಂದ ಪೀಳಿಗೆಗೆ ಜರಡಿಯಾಗಿ ಹೋಗಿವೆಯೇ? ವಿಕಾಸ ವಿಜ್ಞಾನಿ ಡ್ಯಾನ್ ಗ್ರಾವರ್ ಮತ್ತು ಸಂಗಡಿಗರು 2013ರಲ್ಲಿ ಎತ್ತಿದ ಆಕ್ಷೇಪದ ತಿರುಳು ಇದೇ. 2014ರಲ್ಲಿ ಎನ್‌ಕೋಡ್ ಯೋಜನೆಯವರೇ ಬರೆದ ಇನ್ನೊಂದು ಲೇಖನ ಜೀವರಾಸಾಯನಿಕ, ತಳಿವೈಜ್ಞಾನಿಕ ಮತ್ತು ವಿಕಾಸಾತ್ಮಕ ಸಾಕ್ಷ್ಯಗಳು ಬೇರೆ ಬೇರೆ ಉತ್ತರ ಕೊಡುತ್ತವೆಂಬುದನ್ನು ಒಪ್ಪಿಕೊಂಡು ಹಿಂದಿನ ಹೇಳಿಕೆಯ ಕಾವನ್ನು ತಗ್ಗಿಸಿತು. ಘೋಷಣೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹರಡಿತು; ತಿದ್ದುಪಡಿ ವಿದ್ವತ್ ಪತ್ರಿಕೆಯ ಪುಟಗಳನ್ನು ದಾಟಿ ಬರಲಿಲ್ಲ.

ನೈಸರ್ಗಿಕ ಆಯ್ಕೆಯ ಒರೆಗಲ್ಲಿಗೆ ಉಜ್ಜಿದಾಗ ಬರುವ ಸಂಖ್ಯೆಗಳು ಬೇರೆಯೇ. ಬೇರೆ ಬೇರೆ ಸಸ್ತನಿಗಳ ಜೀನೋಮುಗಳನ್ನು ಪಕ್ಕಪಕ್ಕ ಇಟ್ಟು, ಯಾವ ಅಕ್ಷರಗಳು ಬದಲಾಗದೆ ಉಳಿದಿವೆ, ಯಾವುವು ಸ್ವಚ್ಛಂದವಾಗಿ ಬದಲಾಗಿವೆ ಎಂದು ಎಣಿಸಿದರೆ ಆಯ್ಕೆಯ ಕಾವಲು ಎಲ್ಲಿದೆಯೆಂಬುದು ಗೊತ್ತಾಗುತ್ತದೆ. 2014ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಈ ಬಗೆಯಿಂದ ಪಡೆದ ಅಂದಾಜು ಶೇಕಡಾ 8.2, 2023ರಲ್ಲಿ 240 ಸಸ್ತನಿಗಳನ್ನು ಹೋಲಿಸಿದ ಜೂನೋಮಿಯ ಯೋಜನೆ ಕನಿಷ್ಠ ಶೇಕಡಾ 10.7 ಎಂದಿತು. ಮನುಷ್ಯರಲ್ಲಿ ಮಾತ್ರ ಈಚೆಗೆ ಹುಟ್ಟಿದ ಕಾರ್ಯಗಳು ಇಂಥ ಹೋಲಿಕೆಯ ಕಣ್ಣಿಗೆ ಬೀಳುವುದಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದು. ಆ ಕೊರತೆಯನ್ನು ತುಂಬಲು ಸಂಖ್ಯೆಯನ್ನು ಎರಡು ಪಟ್ಟು ಮಾಡಿದರೂ ಶೇಕಡಾ 80ರ ಹತ್ತಿರಕ್ಕೆ ಅದು ಬರುವುದಿಲ್ಲ. ಪ್ರೋಟೀನಿನ ಸೂಚನೆಗಳು ಶೇಕಡಾ 2ಕ್ಕಿಂತ ಕಡಿಮೆಯಿದ್ದು ಕಾಯ್ದುಕೊಂಡ ಭಾಗ ಶೇಕಡಾ 8ರಿಂದ 11ರಷ್ಟಿದೆ ಎಂದರೆ, ಅರ್ಥವತ್ತಾದ ಡಿಎನ್‌ಎಯ ಹೆಚ್ಚಿನ ಪಾಲು ಪ್ರೋಟೀನಿನ ಹೊರಗೇ ಇದೆ ಎಂದಾಯಿತು. ಪ್ರೋಟೀನೇತರ ಭಾಗ ಮುಖ್ಯವೆನ್ನುವುದೂ, ಜೀನೋಮಿನ ಬಹುಭಾಗ ಕಸವೆನ್ನುವುದೂ ಒಂದಕ್ಕೊಂದು ವಿರುದ್ಧವಲ್ಲ. ಎರಡೂ ಒಟ್ಟಿಗೆ ನಿಜ. ಜನಪ್ರಿಯ ನಿಲುವಿನ ಮೂಲ ಗೊಂದಲವಿರುವುದು ಈ ಎರಡನ್ನು ಎದುರಾಳಿಗಳೆಂದು ಭಾವಿಸಿದ್ದರಲ್ಲಿ.

ಚಟುವಟಿಕೆಯೊಂದೇ ಕಾರ್ಯಕ್ಕೆ ಸಾಕ್ಷಿಯಲ್ಲವೆಂಬುದನ್ನು ಈಚೆಗೆ ಪ್ರಯೋಗವೂ ತೋರಿಸಿದೆ. ಅಮೆರಿಕದ ಜೆಫ್ ಬೂಕೆ ಅವರ ತಂಡ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯನ ಸುಮಾರು ಒಂದು ಲಕ್ಷ ಅಕ್ಷರಗಳ ಒಂದು ಭಾಗವನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಬರೆದು, ಅಂದರೆ ಯಾವ ಜೀವಿಯ ವಿಕಾಸವೂ ಎಂದೂ ಮುಟ್ಟದ ಅರ್ಥಹೀನ ಪಾಠವೊಂದನ್ನು ಸೃಷ್ಟಿಸಿ, ಅದನ್ನು ಯೀಸ್ಟ್ ಕೋಶಕ್ಕೂ ಇಲಿಯ ಕಾಂಡಕೋಶಕ್ಕೂ ಸೇರಿಸಲಾಯಿತು. ಯೀಸ್ಟ್ ಆ ಅರ್ಥಹೀನ ಪಾಠವನ್ನು ಉತ್ಸಾಹದಿಂದ ಆರ್‌ಎನ್‌ಎಯಾಗಿ ನಕಲು ಮಾಡಿತು. ಹಾಗಾದರೆ ನಕಲಾಗುವಿಕೆಯನ್ನೇ ಕಾರ್ಯದ ಗುರುತೆನ್ನುವವರು ಈ ತಲೆಕೆಳಗಾದ ಪಾಠಕ್ಕೂ ಕಾರ್ಯವಿದೆಯೆಂದು ಒಪ್ಪಬೇಕಾಗುತ್ತದೆ. ಆದರೆ ಇಲಿಯ ಕೋಶದಲ್ಲಿ ಅದೇ ಪಾಠ ಮೌನವಾಗಿ ಉಳಿಯಿತೆಂಬುದನ್ನೂ ಮರೆಮಾಚಬಾರದು. ಸಸ್ತನಿಗಳಲ್ಲಿ ಮೌನವೇ ಸಹಜಸ್ಥಿತಿಯಾಗಿದ್ದರೆ, ಅಲ್ಲಿ ಕಾಣುವ ಚಟುವಟಿಕೆಗೆ ಯೀಸ್ಟಿನಲ್ಲಿ ಕಾಣುವುದಕ್ಕಿಂತ ತುಸು ಹೆಚ್ಚು ಸಾಕ್ಷ್ಯಬಲವಿರಬಹುದು. ಎನ್‌ಕೋಡ್ ಪರವಾದಿಗಳಿಗೆ ಸಲ್ಲಬೇಕಾದ ಈ ಅಂಶವನ್ನು ಸಲ್ಲಿಸಿದ ಮೇಲೂ, ಸಾಕ್ಷ್ಯದ ಸುಳಿವು ತೀರ್ಪಾಗುವುದಿಲ್ಲ. ತೀರ್ಪಿಗೆ ಆಯ್ಕೆಯ ಗುರುತು ಬೇಕು.

ಮೂರನೆಯ ಹೇಳಿಕೆ ಮೇಲ್ನೋಟಕ್ಕೆ ಡಾರ್ವಿನ್ನನ ಮಾತಿನಂತೆ ತೋರುವುದರಿಂದ ಹೆಚ್ಚು ಆಳವಾದ ಪರಿಶೀಲನೆ ಬೇಡುತ್ತದೆ. ಅದನ್ನು ಪರೀಕ್ಷಿಸಲು ಜೀವಿಗಳ ಜೀನೋಮುಗಳ ಗಾತ್ರವನ್ನು ನೋಡಿದರೆ ಸಾಕು. ಅಡುಗೆಮನೆಯ ಈರುಳ್ಳಿಯ ಜೀನೋಮ್ ಸುಮಾರು 1,600 ಕೋಟಿ ಅಕ್ಷರಗಳಷ್ಟಿದ್ದು ಮನುಷ್ಯನದರ ಐದು ಪಟ್ಟಿದೆ. 2024ರಲ್ಲಿ ಓದಲಾದ ದಕ್ಷಿಣ ಅಮೆರಿಕದ ಶ್ವಾಸಮೀನಿನದು 9,100 ಕೋಟಿ. ಅದೇ ವರ್ಷ ಅಳೆಯಲಾದ, ನ್ಯೂ ಕ್ಯಾಲೆಡೋನಿಯ ದ್ವೀಪದ ಒಂದು ಪುಟ್ಟ ಜರಿಗಿಡದ್ದು 16,000 ಕೋಟಿ, ಮನುಷ್ಯನದರ ಐವತ್ತು ಪಟ್ಟು. ಇನ್ನೊಂದು ತುದಿಯಲ್ಲಿ ಫುಗು ಮೀನು ನಮ್ಮಷ್ಟೇ ಬಗೆಯ ವಂಶವಾಹಿಗಳನ್ನು ಸುಮಾರು 40 ಕೋಟಿ ಅಕ್ಷರಗಳಲ್ಲಿ ಇಟ್ಟುಕೊಂಡಿದೆ. ಎಲ್ಲಕ್ಕಿಂತ ಮಹತ್ವದ ಸಾಕ್ಷಿ ಯುಟ್ರಿಕುಲೇರಿಯ ಗಿಬ್ಬಾ ಎಂಬ ಕೀಟಾಹಾರಿ ಜಲಸಸ್ಯ. ಅದರ ಸೋದರ ಪ್ರಭೇದಗಳು ಪಶ್ಚಿಮ ಘಟ್ಟದ ಮುರಕಲ್ಲಿನ ಹಾಸುಗಳ ಮೇಲೆ ಮಳೆಗಾಲದಲ್ಲಿ ಹೂಬಿಡುತ್ತವೆ. 2013ರಲ್ಲಿ ಓದಿದಾಗ ಅದರ ಜೀನೋಮ್ ಕೇವಲ 8.2 ಕೋಟಿ ಅಕ್ಷರಗಳದೆಂದೂ, ಅದರಲ್ಲಿ ಸುಮಾರು 28,500 ವಂಶವಾಹಿಗಳು ಒತ್ತಾಗಿ ಸೇರಿಕೊಂಡಿವೆಯೆಂದೂ ತಿಳಿಯಿತು. ಹೂವು, ಬೇರಿಲ್ಲದ ಕಾಂಡ, ಹುಳಗಳನ್ನು ಹೀರುವ ಚೀಲಗಳು, ಇವೆಲ್ಲವನ್ನೂ ಕಟ್ಟಬಲ್ಲ ಸಸ್ಯ ತನ್ನ ಜೀನೋಮಿನ ಬೊಜ್ಜನ್ನು ಕಳಚಿಕೊಂಡೂ ಬಾಳುತ್ತಿದೆ. ಕೆನಡಾದ ರಯಾನ್ ಗ್ರೆಗರಿ ‘ಈರುಳ್ಳಿ ಪರೀಕ್ಷೆ’ ಎಂದು ಹೆಸರಿಟ್ಟ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ಪ್ರೋಟೀನೇತರ ಡಿಎನ್‌ಎ ಎಲ್ಲಕ್ಕೂ ಒಂದು ಕೆಲಸವಿದೆಯೆಂದು ಪ್ರತಿಪಾದಿಸುವವರು, ಈರುಳ್ಳಿಗೆ ಮನುಷ್ಯನ ಐದು ಪಟ್ಟು ಅಂಥ ಡಿಎನ್‌ಎ ಏಕೆ ಬೇಕೆಂಬುದನ್ನೂ ವಿವರಿಸಬೇಕು. ಅದಕ್ಕೆ ತೃಪ್ತಿಕರವಾದ ಉತ್ತರವನ್ನು ಯಾರೂ ಕೊಟ್ಟಿಲ್ಲ.

ಹಾಗಿದ್ದರೆ ಆಯ್ಕೆ ಈ ಹೊರೆಯನ್ನು ಏಕೆ ಇಳಿಸಲಿಲ್ಲ? ನೈಸರ್ಗಿಕ ಆಯ್ಕೆಯನ್ನು ಸರ್ವಶಕ್ತವೆಂದು ಭಾವಿಸುವುದರಿಂದ ಈ ಪ್ರಶ್ನೆ ಕಠಿಣವಾಗಿ ತೋರುತ್ತದೆ. ಜಪಾನಿನ ತೊಮೊಕೊ ಓಹ್ತಾ 1973ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಅತಿ ಚಿಕ್ಕ ಹಾನಿ ಆಯ್ಕೆಯ ಕಣ್ಣಿಗೆ ಬೀಳುವುದು ಜೀವಿಸಮೂಹದ ಗಾತ್ರ ದೊಡ್ಡದಾಗಿದ್ದಾಗ ಮಾತ್ರ. ಚಿಕ್ಕ ಸಮೂಹದಲ್ಲಿ ಯಾರ ಸಂತಾನ ಉಳಿಯಿತು ಯಾರದು ಅಳಿಯಿತು ಎಂಬುದರಲ್ಲಿ ಆಕಸ್ಮಿಕದ ಪಾತ್ರ ಎಷ್ಟಿರುತ್ತದೆಯೆಂದರೆ, ಸಣ್ಣಪುಟ್ಟ ಲಾಭನಷ್ಟಗಳು ಅದರ ಗದ್ದಲದಲ್ಲಿ ಮುಳುಗಿಹೋಗುತ್ತವೆ. ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿರುವ ಬ್ಯಾಕ್ಟೀರಿಯಗಳಲ್ಲಿ ಕೆಲವು ಅಕ್ಷರಗಳ ಹೆಚ್ಚುವರಿ ಹೊರೆಯೂ ದಂಡನೆಗೆ ಗುರಿಯಾಗುತ್ತದೆ, ಇ. ಕೊಲೈ ಬ್ಯಾಕ್ಟೀರಿಯದ 46 ಲಕ್ಷ ಅಕ್ಷರಗಳ ಜೀನೋಮಿನಲ್ಲಿ ಶೇಕಡಾ 88ರಷ್ಟು ಪ್ರೋಟೀನಿನ ಸೂಚನೆಗಳೇ ಇರುವುದಕ್ಕೆ ಇದೊಂದು ಮುಖ್ಯ ಕಾರಣ. ವಿಕಾಸದ ಬಹುಕಾಲ ಕೆಲವೇ ಸಾವಿರಗಳ ಪ್ರಮಾಣದ ಸಂತಾನಶೀಲ ಗುಂಪಾಗಿ ಬಾಳಿದ ಮನುಷ್ಯನ ಪೂರ್ವಜರಲ್ಲಿ, ಇನ್ನೊಂದು ಆಲು ಪ್ರತಿ ಬಂದು ಸೇರಿದರೆ ಅದನ್ನು ಹೊರಹಾಕುವಷ್ಟು ಹರಿತ ಆಯ್ಕೆಗೆ ಇರಲಿಲ್ಲ. ಅಟ್ಟದ ಮೇಲಿನ ಹಳೆಯ ಸಾಮಾನು ಮನೆಯಲ್ಲಿ ಉಳಿದಿರುವುದು ಅದರ ಉಪಯೋಗಕ್ಕಲ್ಲ, ಅದರಿಂದ ತೊಂದರೆ ಹೆಚ್ಚಿಲ್ಲವೆಂಬ ಕಾರಣಕ್ಕೆ. ಕಸವೆಂಬುದು ವಿಕಾಸವಾದಕ್ಕೆ ಒದಗಿದ ಮುಜುಗರವಲ್ಲ. ಆ ಸಿದ್ಧಾಂತ ಸರಿಯಾಗಿದ್ದರೆ ನಮ್ಮಂಥ ಜೀವಿಗಳಲ್ಲಿ ನಿರೀಕ್ಷಿಸಬೇಕಾದದ್ದೇ ಅದು.

ಓಹ್ನೋ ಮಾಡಿದ ಲೆಕ್ಕವನ್ನು ಇಂದಿನ ಅಂಕಿಗಳಲ್ಲಿ ಮತ್ತೆ ಮಾಡಬಹುದು. ಪ್ರತಿ ಮಗು ತಂದೆತಾಯಿಯರಲ್ಲಿ ಇಲ್ಲದ 60ರಿಂದ 70 ಹೊಸ ಅಕ್ಷರದೋಷಗಳೊಂದಿಗೆ ಹುಟ್ಟುತ್ತದೆ. ಜೀನೋಮಿನ ಶೇಕಡಾ 80 ಕಾರ್ಯಶೀಲವಾಗಿದ್ದರೆ ಅವುಗಳಲ್ಲಿ 50ರಷ್ಟು ಅರ್ಥವಿರುವ ಜಾಗಕ್ಕೇ ಬೀಳುತ್ತವೆ. ಅವುಗಳಲ್ಲಿ ಹತ್ತಕ್ಕೆ ಒಂದು ಮಾತ್ರ ಹಾನಿಕರವೆಂದು ಹಿಡಿದರೂ ಪ್ರತಿ ಮಗುವಿಗೆ ಸರಾಸರಿ ಐದು ಹೊಸ ಹಾನಿಗಳು. ಇವು ಆಕಸ್ಮಿಕವಾಗಿ ಹಂಚಿಹೋಗುವುದಾದರೆ ಒಂದೂ ಹೊಸ ಹಾನಿಯಿಲ್ಲದೆ ಹುಟ್ಟುವ ಮಗು ಸುಮಾರು 150ರಲ್ಲಿ ಒಂದು. ಕಾರ್ಯಶೀಲ ಭಾಗ ಶೇಕಡಾ 8ರಷ್ಟೇ ಆಗಿದ್ದರೆ ಹತ್ತರಲ್ಲಿ ಆರು. ಈ ಸರಳ ಲೆಕ್ಕವನ್ನು ಅಕ್ಷರಶಃ ಹಿಡಿಯಬಾರದು, ಏಕೆಂದರೆ ಹಾನಿಗಳು ಒಂದಕ್ಕೊಂದು ಸೇರಿದಾಗ ಒಟ್ಟಿಗೆ ಜರಡಿಯಾಗಬಹುದು, ಮತ್ತು ಪೈಪೋಟಿ ನಡೆಯುವುದು ಕಲ್ಪಿತ ಪರಿಪೂರ್ಣ ಜೀವಿಯೊಡನೆ ಅಲ್ಲ, ಪಕ್ಕದಲ್ಲಿರುವ ಜೀವಿಯೊಡನೆ. ಹೀಗೆ ಭಾರವನ್ನು ತಗ್ಗಿಸುವ ದಾರಿಗಳಿದ್ದರೂ 150ರಲ್ಲಿ ಒಂದಕ್ಕೂ ಹತ್ತರಲ್ಲಿ ಆರಕ್ಕೂ ನಡುವಿನ ಅಂತರವನ್ನು ಅವು ಸುಲಭವಾಗಿ ಮುಚ್ಚಲಾರವು.

ಇನ್ನೂ ಕೆಲವು ಆಕ್ಷೇಪಗಳು ಉಳಿಯುತ್ತವೆ. ಈ ಕಸ ಮುಂದಿನ ವಿಕಾಸಕ್ಕೆ ಕೂಡಿಟ್ಟ ಕಚ್ಚಾವಸ್ತು ಎಂಬ ವಾದವನ್ನು ಬೇಗ ಬದಿಗಿಡಬಹುದು: ಆಯ್ಕೆಗೆ ಮುಂದಾಲೋಚನೆಯಿಲ್ಲ, ನಾಳೆ ಒದಗೀತೆಂದು ಇಂದು ಅದು ಏನನ್ನೂ ಕಾಯ್ದಿಡಲಾರದು. ಎರಡನೆಯ ಆಕ್ಷೇಪ ಗಂಭೀರವಾದದ್ದು. ಡಿಎನ್‌ಎಯ ಪಾಠಕ್ಕೆ ಅರ್ಥವಿಲ್ಲದಿದ್ದರೂ ಅದರ ಗಾತ್ರ ಕೋಶಕೇಂದ್ರದ, ತನ್ಮೂಲಕ ಜೀವಕೋಶದ, ಗಾತ್ರವನ್ನು ನಿರ್ಧರಿಸುತ್ತದೆಂದು ಜೀವವಿಜ್ಞಾನಿ ಥಾಮಸ್ ಕ್ಯಾವಲಿಯರ್-ಸ್ಮಿತ್ ವಾದಿಸಿದ್ದರು, ಮತ್ತು ದೊಡ್ಡ ಜೀನೋಮಿನ ಜೀವಿಗಳ ಕೋಶಗಳು ದೊಡ್ಡವಾಗಿರುವುದು ನಿಜ. ಇದು ಪೂರ್ತಿ ಸಾಬೀತಾದರೂ ಅದು ‘ರಸ’ದ ವಾದಕ್ಕೆ ನೆರವಾಗುವುದಿಲ್ಲ, ತುಂಬುವ ವಸ್ತುವಿನಂತೆ ಬಳಕೆಯಾಗುವ ಡಿಎನ್‌ಎಯಲ್ಲಿ ಯಾವ ಅಕ್ಷರವಿದ್ದರೂ ನಡೆಯುತ್ತದೆಯಾದ್ದರಿಂದ ಅಲ್ಲಿ ಓದಿ ತಿಳಿಯಬೇಕಾದ ಗೂಢಾರ್ಥ ಯಾವುದೂ ಉಳಿಯುವುದಿಲ್ಲ. ಮೂರನೆಯದು ಪ್ರಯೋಗಕ್ಕೆ ಸಂಬಂಧಿಸಿದ್ದು. 2004ರಲ್ಲಿ ಇಲಿಗಳ ಜೀನೋಮಿನಿಂದ ಸುಮಾರು 15 ಲಕ್ಷ ಮತ್ತು 8 ಲಕ್ಷ ಅಕ್ಷರಗಳ ಎರಡು ಪ್ರದೇಶಗಳನ್ನು ಪೂರ್ತಿಯಾಗಿ ತೆಗೆದುಹಾಕಿದರೂ ಆ ಇಲಿಗಳು ಆರೋಗ್ಯದಿಂದ ಬಾಳಿ ಮರಿಹಾಕಿದವೆಂಬುದನ್ನು ಕಸವಾದಿಗಳು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ಆದರೆ 2007ರಲ್ಲಿ, ಮನುಷ್ಯನಲ್ಲೂ ಇಲಿಯಲ್ಲೂ ಒಂದಕ್ಷರವೂ ಬದಲಾಗದೆ ಉಳಿದಿದ್ದ ಕೆಲವು ತುಣುಕುಗಳನ್ನು ತೆಗೆದಾಗಲೂ ಇಲಿಗಳು ಬದುಕಿ ಸಂತಾನ ಪಡೆದವು. ಅಷ್ಟು ಕಟ್ಟುನಿಟ್ಟಾಗಿ ಕಾಯ್ದುಕೊಂಡು ಬಂದದ್ದು ನಿರುಪಯೋಗಿಯಾಗಿರಲು ಸಾಧ್ಯವಿಲ್ಲ. ಪ್ರಯೋಗಾಲಯದ ಪಂಜರದಲ್ಲಿ ಕಾಣದ ಹಾನಿ ಕಾಡಿನಲ್ಲಿ, ಸಾವಿರಾರು ಪೀಳಿಗೆಗಳಲ್ಲಿ ಕಾಣಬಹುದು. ಆದ್ದರಿಂದ ತೆಗೆದುಹಾಕುವ ಪ್ರಯೋಗವನ್ನು ಅಂತಿಮ ಸಾಕ್ಷಿಯೆಂದು ಕಸವಾದಿಗಳೂ ಬಳಸಬಾರದು.

ಕೊನೆಯ ಆಕ್ಷೇಪ ಕಾಳಜಿಯಿಂದ ಹುಟ್ಟಿದ್ದು: ಕಸವೆಂದು ಕರೆದರೆ ಸಂಶೋಧನೆಗೆ ಬಾಗಿಲು ಮುಚ್ಚಿದಂತಾಗುವುದಿಲ್ಲವೇ? ನಡೆದಿರುವುದು ಇದಕ್ಕೆ ವಿರುದ್ಧ. ಶಿಲಾಶಾಸನವನ್ನು ಓದುವ ವಿದ್ವಾಂಸರು ಮೊದಲು ಮಾಡುವ ಕೆಲಸವೆಂದರೆ ಉಳಿಯ ಗೆರೆ ಯಾವುದು, ಮಳೆಗಾಳಿಗೆ ಕಲ್ಲು ಬಿರಿದ ಗೆರೆ ಯಾವುದು ಎಂದು ಬೇರ್ಪಡಿಸುವುದು. ಬಿರುಕುಗಳನ್ನೂ ಅಕ್ಷರಗಳೆಂದು ಗೌರವಿಸುವವರಿಗೆ ಶಾಸನ ದಕ್ಕುವುದಿಲ್ಲ. ವೈದ್ಯಕೀಯದಲ್ಲಿ ಈ ಬೇರ್ಪಡಿಕೆಗೆ ಇನ್ನೂ ಹೆಚ್ಚಿನ ಬೆಲೆಯಿದೆ, ಏಕೆಂದರೆ ರೋಗಿಯೊಬ್ಬರ ಜೀನೋಮನ್ನು ಪೂರ್ತಿ ಓದಿದಾಗ ಇತರರಿಗಿಂತ ಬೇರೆಯಾದ ಅಕ್ಷರಗಳು ಲಕ್ಷಗಟ್ಟಲೆ ಸಿಗುತ್ತವೆ. ಎಲ್ಲವೂ ಅರ್ಥಪೂರ್ಣವೆಂದು ಭಾವಿಸಿದರೆ ರೋಗದ ಕಾರಣವನ್ನು ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. 2024ರಲ್ಲಿ ಪತ್ತೆಯಾದ ಒಂದು ರೋಗಕಾರಣ ಇದಕ್ಕೆ ಸಾಕ್ಷಿ. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ತಡೆಯುವ, ಹೆತ್ತವರಿಗೆ ಯಾವ ವೈದ್ಯರೂ ಕಾರಣ ಹೇಳಲಾಗದೆ ಉಳಿದಿದ್ದ ಪ್ರಕರಣಗಳ ಡಿಎನ್‌ಎಯನ್ನು ಬ್ರಿಟನ್ನಿನ ಸಂಶೋಧಕರು ಪರಿಶೀಲಿಸಿದಾಗ, ಆರ್‌ಎನ್‌ಯು4-2 ಎಂಬ, ಪ್ರೋಟೀನು ಕಟ್ಟದ ಪುಟ್ಟ ವಂಶವಾಹಿಯಲ್ಲಿ 18 ಅಕ್ಷರಗಳ ಒಂದು ಜಾಗ ಅವರ ಗಮನ ಸೆಳೆಯಿತು. ಸಾಮಾನ್ಯ ಜನರಲ್ಲಿ ಆ 18 ಅಕ್ಷರಗಳು ಬದಲಾಗುವುದೇ ಅಪರೂಪ. ಕಾಯಿಲೆಯಿರುವ 115 ಜನರಲ್ಲಿ ಅಲ್ಲಿಯೇ ಬದಲಾವಣೆ ಇತ್ತು, ಮತ್ತು ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರಲ್ಲಿ ಒಂದೇ ಜಾಗದಲ್ಲಿ ಒಂದೇ ಅಕ್ಷರ ಹೆಚ್ಚಾಗಿ ಸೇರಿಕೊಂಡಿತ್ತು. ಸುತ್ತಲಿನ ಕೋಟ್ಯಂತರ ಅಕ್ಷರಗಳು ಯಾರಿಗೂ ಹಾನಿಯಿಲ್ಲದೆ ಬದಲಾಗುತ್ತಿರುವುದರಿಂದಲೇ ಬದಲಾಗಲೊಲ್ಲದ ಆ 18 ಎದ್ದು ಕಂಡವು. ಮಿದುಳಿನ ಬೆಳವಣಿಗೆಯ ತೊಂದರೆಯಿರುವವರಲ್ಲಿ ಸುಮಾರು ಶೇಕಡಾ 0.4ರಷ್ಟು ಜನರ ಕಾಯಿಲೆಗೆ ಈಗ ಈ ಒಂದು ಜಾಗವೇ ಕಾರಣವೆಂದು ಅಂದಾಜಿಸಲಾಗಿದೆ.